ಅಡಿವೆವ್ವನ ಮೂರು ಹೊಲ

ಗಾಲ್ಫ್ ಎಂಬ ಆಟದ ಸುತ್ತ ಒಂದು ಕತೆ ಹೇಳಲು ಹೊರಟಿದ್ದೇನೆ, ಓದುಗರು ಮೊದಲೇ ಕ್ಷಮಿಸಬೇಕು. ಆ ಆಟವನ್ನು ನಾನು ಆಡಿಲ್ಲ. ಆಡುವವರನ್ನು ನೋಡಿದ್ದೂ ಬೇಲಿಯ ಈಚೆಯಿಂದ. ಚೆಂಡು ಸಣ್ಣದು, ಕೋಲು ಉದ್ದದ್ದು, ನಡೆಯುವುದು ಬಹಳ ಎನ್ನುವಲ್ಲಿಗೆ ನನ್ನ ತಿಳಿವಳಿಕೆ ಮುಗಿಯುತ್ತದೆ. ಅಡಿವೆವ್ವನ ಸಂಗತಿಯನ್ನು ಬಲ್ಲವರು ಯಾರಾದರೂ ಬರೆದಿದ್ದರೆ ನಾನು ಈ ಗೊಡವೆಗೆ ಬರುತ್ತಿರಲಿಲ್ಲ. ಯಾರೂ ಬರೆಯಲಿಲ್ಲ. ಆದ್ದರಿಂದ, ತಪ್ಪಿದ್ದಲ್ಲಿ ತಿದ್ದಿಕೊಳ್ಳಿರಿ ಎಂದು ಬೇಡಿಕೊಂಡು ಶುರು ಮಾಡುತ್ತೇನೆ.

ಅವತ್ತಿನ ಅನಾಹುತಕ್ಕೆಲ್ಲ ಕಾರಣ ಒಂದು ಅಕ್ಷರದ ದೀರ್ಘ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ದೀರ್ಘಕ್ಕೂ ಮೊದಲು, ಅಡಿವೆವ್ವನ ತಾಯಿ ಚೌಡವ್ವ.

ಎರಡನೆಯ ಮಹಾಯುದ್ಧಕ್ಕೆ ಒಂದು ವರ್ಷ ಮುಂಚಿನ ಒಂದು ಸೋಮವಾರ. ಶಿಗ್ಗಾಂವಿಯ ಕೆಳಗಿನ ಓಣಿಯ ಮನೆಯಲ್ಲಿ ಚೌಡವ್ವ ರೊಟ್ಟಿ ಬಡಿಯುತ್ತಿದ್ದಳು. ಅಡಿವೆವ್ವ ಒಲೆಯ ಮುಂದೆ ಕುಳಿತು ಹಿಂದಿನ ದಿನದ ಪಂದ್ಯದ ವರದಿ ಒಪ್ಪಿಸುತ್ತಿದ್ದಳು.

“ಕಡೀಕ ಏನಾತು ಗೊತ್ತೇನವ್ವಾ? ಸಾಹೇಬನ್ನ ಮೂರು ಕುಣಿಲೆ ಸೋಲಿಸಿದೆ.”

ಚೌಡವ್ವನ ಕೈ ನಿಂತಿತು. “ಮುಂಜಾನೆದ್ದು ಕುಣಿ ಕುಣಿ ಅನಬ್ಯಾಡ ಅಂತ ಎಷ್ಟ ಸಲ ಹೇಳಬೇಕ ನಿನಗ? ಹೆಣಾ ಹುಗಿಯೋರ ಮಾತು ಅದು. ಅದೂ ಇಂಥಾ ದಿನಾ!”

“ಚಂಡು ಬೀಳೂ ತಗ್ಗಿಗೆ ಕುಣಿ ಅನ್ನದ ಮತ್ತೇನನ್ಲಿ?”

“ಆ ಸಾಹೇಬರು ಏನಂತಾರ?”

“ಹೋಲ್ ಅಂತಾರ.”

“ಹಂಗ ಅನ್ನು. ಕೇಳಾಕ ಸೈತ ಚಂದ ಐತಿ.”

ಅಡಿವೆವ್ವ ಒಪ್ಪಿಕೊಂಡಳು. ಚೆಂಡಿನ ವಿಷಯದಲ್ಲಿ ಯಾರ ಮಾತನ್ನೂ ಕೇಳದ ಹುಡುಗಿ, ಉಳಿದೆಲ್ಲ ವಿಷಯಗಳಲ್ಲಿ ತಾಯಿ ಹಾಕಿದ ಗೆರೆ ದಾಟುತ್ತಿರಲಿಲ್ಲ.

ಅವಳ ಅಪ್ಪ ಮಾರೆಪ್ಪ ಬೆಳಗಾವಿಯ ದಂಡಿನಲ್ಲಿ ಸಾಹೇಬರ ಆಟದ ಬಯಲಿನ ಹುಲ್ಲು ಕೊಯ್ಯುವ ಕೆಲಸಕ್ಕಿದ್ದ. ಕಂಟಿಗಳೊಳಗೆ ಕಳೆದ ಚೆಂಡುಗಳನ್ನು ಮಗಳು ಹುಡುಕಿ ಕೊಡುತ್ತಿದ್ದಳು. ಸಿಕ್ಕ ಚೆಂಡನ್ನು ಹೊತ್ತುಕೊಂಡು ಹೋಗುವುದಕ್ಕಿಂತ, ಯಾರೋ ಬಿಸಾಕಿದ ಮುರುಕು ಕೋಲಿನಿಂದ ಹೊಡೆದು ಕಳಿಸುವುದು ಹಗುರ ಎಂದು ಅವಳಿಗೆ ಒಂದು ದಿನ ಹೊಳೆಯಿತು. ಹೊಡೆದಳು. ಚೆಂಡು ಹೋಗಿ ಸಾಹೇಬನ ಬೂಟಿನ ಮುಂದೆ ಸಾಕಿದ ನಾಯಿಯ ಹಾಗೆ ಕೂತಿತು. ಸಾಹೇಬ ಅದನ್ನು ನೋಡಿದ, ಹುಡುಗಿಯನ್ನು ನೋಡಿದ, ತನ್ನ ಕೈಯಲ್ಲಿದ್ದ ಹೊಸ ಕೋಲನ್ನು ಬೇಸರದಿಂದ ನೋಡಿದ.

ಮುಂದೆ ಸಾಹೇಬರ ಹೆಂಡಂದಿರು ಕಲಿಯಲು ಅವಳನ್ನೇ ಕರೆಯತೊಡಗಿದರು. ಕಲಿಸುವ ಗಂಡಸರು ಮೇಡಮ್ಮುಗಳಿಗೆ ಸೊಂಟ ತಿರುಗಿಸಿರಿ ಎಂದು ಹೇಳಲು ನಾಚುತ್ತಿದ್ದರು. ಅಡಿವೆವ್ವನಿಗೆ ಆ ತೊಂದರೆ ಇರಲಿಲ್ಲ. “ತೋಳಿಂದ ಅಲ್ರಿ ಬಾಯಾರ, ಬೀಸೂ ಕಲ್ಲು ಬೀಸಿದಂಗ ನಡಾ ತಿರುವ್ರಿ” ಎನ್ನುತ್ತಿದ್ದಳು. ಬೀಸುವ ಕಲ್ಲು ಎಂದರೇನು ಎಂದು ಕೇಳಿದ ಒಬ್ಬ ಕರ್ನಲ್ಲನ ಹೆಂಡತಿಯ ಬಂಗಲೆಗೆ ಕಲ್ಲನ್ನೇ ಹೊರಿಸಿಕೊಂಡು ಹೋದಳು. ಆ ಮೇಡಮ್ಮು ಒಂದು ವಾರ ಜೋಳ ಬೀಸಿದ ಮೇಲೆ ಹೊಡೆದ ಚೆಂಡು ನೆಟ್ಟಗೆ ಹೋಯಿತಂತೆ. ಮನೆಯವರೆಲ್ಲ ಒಂದು ವಾರ ರೊಟ್ಟಿ ತಿಂದರಂತೆ.

ಅಪ್ಪ ತೀರಿದ ಮೇಲೆ ತಾಯಿ ಮಗಳು ಶಿಗ್ಗಾಂವಿಗೆ ಮರಳಿದರು. ಬಂಕಾಪುರದ ದಾರಿಯಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ಹಾರ್ಕರ್ ಸಾಹೇಬ, ಊರವರ ಬಾಯಲ್ಲಿ ಹರಕ ಸಾಹೇಬ, ಗಿರಣಿಯ ಹಿಂದಿನ ಬಯಲಲ್ಲಿ ಆರು ತಗ್ಗುಗಳ ಒಂದು ಸಣ್ಣ ಆಟದ ಬಯಲು ಮಾಡಿಸಿದ್ದ. ಅವಳ ಹೆಸರು ಕೇಳಿದ್ದವನು ಕರೆದು, ಸಂಬಳ ಕೊಟ್ಟು, ಕಲಿಸಲು ಇಟ್ಟುಕೊಂಡ. ಸಂಬಳ ಪಡೆದು ಈ ಆಟ ಆಡುವ, ಕಲಿಸುವ ಹೆಂಗಸನ್ನು ನಮ್ಮ ಸೀಮೆ ಅದಕ್ಕೂ ಮೊದಲು ಕಂಡಿರಲಿಲ್ಲ. ಸಾಹೇಬ ಅವಳನ್ನು ‘ಪ್ರೊಫೆಶನಲ್’ ಎಂದು ಪರಿಚಯ ಮಾಡಿಸಿದರೆ ಊರು ಅದನ್ನು ‘ಪ್ರೊಫೆಸರ’ ಎಂದು ಕೇಳಿಸಿಕೊಂಡು, ಕೆಲವು ದಿನ ಅವಳಿಗೆ ನಮಸ್ಕಾರ ಮಾಡಿತು. ಆಮೇಲೆ ಅವಳ ಕೆಲಸ ಚೆಂಡು ಹೊಡೆಯುವುದೆಂದು ತಿಳಿದು, ನಮಸ್ಕಾರ ನಿಲ್ಲಿಸಿ ಹೆಸರನ್ನು ಮಾತ್ರ ಉಳಿಸಿಕೊಂಡಿತು.

ಈಗ ಹರಕ ಸಾಹೇಬ ಊರು ಬಿಡುವವನಿದ್ದ. ಅವನ ಜಾಗಕ್ಕೆ ಬರುವ ಹೊಸ ಸಾಹೇಬನಿಗೆ ಪುಣೆಯಿಂದ ಗಂಡಸು ಮಾಸ್ತರನನ್ನು ಕರೆಸುವ ಮನಸ್ಸಿತ್ತು. ಅಡಿವೆವ್ವನ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದನ್ನು ಆಟದ ಕಮಿಟಿಯ ಸಾಹೇಬರು ತೀರ್ಮಾನಿಸಿ, ಆ ಸೋಮವಾರ ಸಂಜೆಯ ಚಹಾಕೂಟದಲ್ಲಿ ಹೇಳುವವರಿದ್ದರು. ಹರಕ ಸಾಹೇಬನ ಹೆಂಡತಿ ಅವಳನ್ನು ಕರೆದು ಎಚ್ಚರಿಸಿದ್ದಳು: ಕಮಿಟಿಯ ಒಬ್ಬನಿಗೆ ಒಂದೇ ತಕರಾರು, ಹೆಂಗಸನ್ನು ಇಟ್ಟುಕೊಂಡರೆ ಊರ ಜನ ನೋಡಲು ನುಗ್ಗಿ ಬಯಲು ಹಾಳು ಮಾಡುತ್ತಾರೆ ಎಂದು. ಆದ್ದರಿಂದ ಸಂಜೆಯ ತನಕ ಒಂದು ನರಪಿಳ್ಳೆಯೂ ಬಯಲ ಕಡೆ ಸುಳಿಯದಂತೆ ನೋಡಿಕೋ.

ಅಡಿವೆವ್ವನಿಗೆ ಅದು ಕಷ್ಟ ಎನಿಸಲಿಲ್ಲ. ಇಷ್ಟು ವರ್ಷ ಯಾರೂ ಸುಳಿದಿರಲಿಲ್ಲ.

ರೊಟ್ಟಿ ತಿಂದು, ಜೋಳದ ಬುಟ್ಟಿ ಹೊತ್ತುಕೊಂಡು ಅವಳು ಹಿಟ್ಟಿನ ಗಿರಣಿಗೆ ಹೋದಳು. ಅಲ್ಲಿ ಸರೋಜವ್ವ ನಿಂತಿದ್ದಳು. ಹತ್ತಿ ವ್ಯಾಪಾರಿ ಕುಬೇರಪ್ಪನ ಹೆಂಡತಿ. ಊರಿನ ಯಾವ ಸುದ್ದಿಯೂ ಅವಳ ಅಪ್ಪಣೆಯಿಲ್ಲದೆ ಮುಂದೆ ಹೋಗುತ್ತಿರಲಿಲ್ಲ. ಗಿರಣಿಯ ಎಂಜಿನ್ನು, ಅಜೀರ್ಣವಾದ ಎಮ್ಮೆಯಂತೆ, ಉಸಿರಿಗೊಮ್ಮೆ ಬಡಿದುಕೊಳ್ಳುತ್ತಿತ್ತು.

“ಏನವಾ ಪ್ರೊಫೆಸರ, ನಿನ್ನಿ ಸಾಹೇಬನ ಕೂಡ ಆಟ ಇತ್ತಂತಲ್ಲ, ಏನಾತು?” ಸರೋಜವ್ವ ಕೂಗಿ ಕೇಳಿದಳು.

ಅಡಿವೆವ್ವ ತಾಯಿಯ ಮಾತು ನೆನೆದು ಒಳ್ಳೆಯ ಶಬ್ದವನ್ನೇ ಬಳಸಿದಳು. “ಮೂರು ಹೋಲ ಗೆದ್ದೇನ್ರಿ ಅಕ್ಕಾರ!”

ಎಂಜಿನ್ನು ಫಟ್ ಎಂದಿತು. ‘ಹೋ’ದ ದೀರ್ಘ ಅದರೊಳಗೆ ಬಿದ್ದು ಹಿಟ್ಟಾಯಿತು.

“ಮೂರು ಹೊಲ?”

“ಮೂರ್ರಿ! ನಾಕನೇದ್ದೂ ಸಿಗತಿತ್ತು, ಅಂಚಿಗೆ ಬಂದು ತಪ್ಪಿತು.”

“ಸಾಹೇಬ ಸುಮ್ಮನ ಕೊಟ್ಟನ?”

“ಸುಮ್ಮನ ಯಾರ ಕೊಡ್ತಾರ್ರಿ? ಬಿಸಲಾಗ ಅಡ್ಡಾಡಿ ಗಳಿಸೇನಿ. ಆದರೂ ಸೋತ ಮ್ಯಾಲ ಕೈ ಕುಲುಕಿ ನಕ್ಕರ್ರಿ. ಚೊಲೋ ಮನಶ್ಯಾರು.”

“ದೊಡ್ಡವ ಏನು?” ಸರೋಜವ್ವನ ಸ್ವರ ಸಣ್ಣಗಾಗಿತ್ತು.

“ಒಂದು ಬಾಳ ಉದ್ದೈತ್ರಿ, ನಡುವ ಹಳ್ಳ ಹರದೈತಿ. ಇನ್ನೊಂದು ಸಣ್ಣದು. ಆರನೇದಂತೂ ನೋಡಾಕ ಎರಡ ಕಣ್ಣು ಸಾಲಂಗಿಲ್ಲ, ಬೇವಿನ ಗಿಡದ ಬಾಜೂಕ ಐತಿ.”

ಸರೋಜವ್ವ ಬೀಸಲು ಹಾಕಿದ ತನ್ನ ಜೋಳವನ್ನು ಅಲ್ಲೇ ಬಿಟ್ಟು ಹೊರಟಳು. ಗಿರಣಿಯವನು ಹಿಂದಿನಿಂದ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ.

ಬೇರೆ ದಿನವಾಗಿದ್ದರೆ ಸುದ್ದಿ ಓಣಿ ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತೇನೋ. ಆದರೆ ಸೋಮವಾರ ನಮ್ಮ ಕಡೆ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಎತ್ತು ಖಾಲಿ, ಎತ್ತಿನ ಒಡೆಯರೂ ಖಾಲಿ. ಕಟ್ಟೆಕಟ್ಟೆಗೂ ಗಂಡಸರು ಕೆಲಸವಿಲ್ಲದೆ ಕೂತಿದ್ದರು. ಸುದ್ದಿ ಅವರ ತೊಡೆಯಿಂದ ತೊಡೆಗೆ ಹಾರಿತು. ಸವಣೂರಿನಿಂದ ವೀಳ್ಯದೆಲೆಯ ಪೆಂಡಿ ಹೊತ್ತು ಬಂದಿದ್ದವನೊಬ್ಬ ಅದನ್ನು ಎಲೆಯ ಜೊತೆಗೆ ಬಂಕಾಪುರಕ್ಕೆ ಒಯ್ದ. ಅಲ್ಲಿ ಮುಟ್ಟಿದಾಗ ಹೊಲ ಐದಾಗಿದ್ದವು, ಒಂದು ಬಾವಿಯೂ ಬಂದಿತ್ತು.

ಬಂಕಾಪುರದಲ್ಲಿ ಆಗ ಮಾಸೂರಿನ ಗುಡ್ಡಪ್ಪ ಒಂದು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಿದ್ದ. ಚೌಡವ್ವನಿಗೆ ಅವನು ದೂರದ ತಮ್ಮ. ಸುದ್ದಿ ಕಿವಿಗೆ ಬಿದ್ದದ್ದೇ, ಎತ್ತಿನ ಬಾಯಿ ತೆರೆದದ್ದು ತೆರೆದ ಹಾಗೇ ಬಿಟ್ಟು, ಶಿಗ್ಗಾಂವಿಯ ದಾರಿ ಹಿಡಿದ.

ಅಡಿವೆವ್ವ ಪಾಳಿ ಕಾದು ಹಿಟ್ಟು ಬೀಸಿಸಿಕೊಂಡು, ಊರಾಚೆಯ ಬಡಿಗನ ಹತ್ತಿರ ರಿಪೇರಿಗೆ ಕೊಟ್ಟಿದ್ದ ಕೋಲುಗಳನ್ನು ತೆಗೆದುಕೊಂಡು ಮನೆಗೆ ಬಂದಾಗ ಅಂಗಳ ತುಂಬಿತ್ತು. ಕೆಳಗಿನ ಓಣಿಗೆ ಹುಟ್ಟಿದಂದಿನಿಂದ ಕಾಲಿಡದ ಕುಬೇರಪ್ಪ, ಹತ್ತಿಯ ಮೂಟೆಗೆ ರುಮಾಲು ಸುತ್ತಿದ ಹಾಗೆ, ಅವಳ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಬೆವರು ಒರೆಸಿಕೊಳ್ಳುತ್ತ ಗುಡ್ಡಪ್ಪ ಆಗಲೇ ಒಳಗಿನವನಾಗಿ ಬಂದವರಿಗೆ ನೀರು ಕೊಡುತ್ತಿದ್ದ.

“ಬಾ ಯವ್ವಾ ಬಾ,” ಎಂದ ಕುಬೇರಪ್ಪ. “ನಿನ್ನ ದಾರೀನ ಕಾಯಾಕತ್ತೇವಿ. ನಾ ಏನ ಬಾಳ ಕೇಳೂದಿಲ್ಲ. ಹಳ್ಳ ಹರದದ್ದು ಐತಲ್ಲ, ಅದನ್ನ ನಮಗ ಪಾಲಿಗೆ ಕೊಡು. ಹತ್ತಿ ಬಿತ್ತತೇವಿ. ನೀ ಹೆಣ್ಣಮಗಳು, ನಿನಗ ಕೂರಿಗಿ ಹೂಡಾಕ ಬರ್ತೈತೇನು?”

ಅಡಿವೆವ್ವ ತಾಯಿಯ ಮುಖ ನೋಡಿದಳು. ಚೌಡವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

“ಯಾವ ಹಳ್ಳರಿ ಅಣ್ಣಾರ?”

“ಮುಚ್ಚಿಡಬ್ಯಾಡ. ಮೂರು ಹೊಲ ಗೆದ್ದಿ ಅಂತ ನಿನ್ನ ಬಾಯಿಂದನ ನಮ್ಮಾಕಿ ಕೇಳ್ಯಾಳ.”

ಅಡಿವೆವ್ವನಿಗೆ ಅರ್ಥವಾದಾಗ ಮೊದಲು ನಗು ಬಂತು. “ಅಯ್ಯ, ಹೊಲ ಅಲ್ರಿ, ಹೋ...ಲ! ಚಂಡು ಬೀಳೂ ತಗ್ಗು. ಇಷ್ಟಗಲ ಇರ್ತೈತಿ.” ಎರಡು ಕೈಯ ಬೆರಳು ಕೂಡಿಸಿ ತೋರಿಸಿದಳು.

ಕುಬೇರಪ್ಪ ಜನರ ಕಡೆ ತಿರುಗಿದ. “ನೋಡಿದ್ರೇನು? ಆಸ್ತಿ ಬಂತು, ಹಿಂದಿಂದ ಶ್ಯಾಣ್ಯಾತನಾನೂ ಬಂತು. ನಮ್ಮಪ್ಪನೂ ಹಿಂಗ. ಊರ ಮುಂದಿನ ಎರಿ ಹೊಲಾ ಎಲ್ಲಾ ಅವಂದ ಇತ್ತು. ಯಾರರೆ ಕೇಳಿದ್ರ ಇಷ್ಟಗಲ ಐತ್ರಿ ಅಂತಿದ್ದ. ಹಿಂಗ ಕೈ ಮಾಡಿ.”

“ಇಷ್ಟಗಲ ತಗ್ಗಿನ ಸಲುವಾಗಿ ಸಾಹೇಬ ದೇಶಾ ಬಿಟ್ಟ ಬಂದು ಬಿಸಲಾಗ ಅಡ್ಡಾಡ್ತಾನೇನು?” ಎಂದು ಹಿಂದಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ಅಡಿವೆವ್ವನಿಗೂ ಅದು ಆಗಾಗ ಅನಿಸಿದ್ದೇ.

ಅಷ್ಟರಲ್ಲಿ ಗುಡ್ಡಪ್ಪ ಚೌಡವ್ವನ ಮುಂದೆ ಬಂದು ಕೂತ. “ಅಕ್ಕಾ, ನನ್ನ ಮಗ ಗುತ್ತೆಪ್ಪಗ ನಿನ್ನ ಮಗಳನ್ನ ಕೇಳಾಕ ಬಂದೇನಿ.”

ಈಗ ಚೌಡವ್ವ ಸೆರಗು ತೆಗೆದಳು. “ಹೋದ ವರ್ಷ ನಾನ ನಿನ್ನ ಮನೀ ಮುಂದ ಬಂದು ಕೇಳಿದಾಗ ಏನಂದಿದ್ದಿ?”

“ಏನಂದಿದ್ನೆವಾ?”

“ಬಡಿಗಿ ಹಿಡದು ತಿರಗೂ ಹುಡುಗಿ ನಮ್ಮ ಮನೀಗೆ ಬ್ಯಾಡ, ನಾಳೆ ನನ್ನ ತಲಿನ ಚಂಡು ಅಂತ ತಿಳಕೊಂಡಾಳು ಅಂದಿದ್ದಿ.”

“ಚಾಷ್ಟಿ ಮಾಡಿದ್ನೆವಾ!” ಗುಡ್ಡಪ್ಪ ತೊಡೆ ತಟ್ಟಿದ. “ಅಕ್ಕನ ಕೂಡ ಚಾಷ್ಟಿ ಮಾಡಬಾರದ?”

ಅಡಿವೆವ್ವ ಎಷ್ಟು ಅಲ್ಲ ಎಂದರೆ ಅಷ್ಟು ಹೌದಾಗುತ್ತಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಈ ಜನ ಸಂಜೆಯ ತನಕ ಹೀಗೇ ಇದ್ದರೆ ಸುದ್ದಿ ಸಾಹೇಬನ ಬಂಗಲೆಗೆ ಮುಟ್ಟುತ್ತದೆ. ಕೆಲಸದವಳ ಜೊತೆ ಸಾಹೇಬ ಹೊಲ ಒಡ್ಡಿ ಜೂಜಾಡಿದ ಎಂದಾಗುತ್ತದೆ. ಆಮೇಲೆ ಪುಣೆಯವನು ಗಂಟು ಕಟ್ಟಿದಂತೆಯೇ. ಅವಳು ಒಂದು ತೀರ್ಮಾನಕ್ಕೆ ಬಂದಳು. ಆ ತೀರ್ಮಾನವೇ ಸರಿಯಿರಲಿಲ್ಲ ಎಂದು ಈಗ ಹೇಳುವುದು ಸುಲಭ.

“ಬರ್ರಿ,” ಎಂದಳು. “ಕಣ್ಣಾರೆ ತೋರಸ್ತೇನಿ. ಸಾಹೇಬರು ಮಲಗೂ ಹೊತ್ತು ಇದು. ಒಬ್ಬರು ಇಬ್ಬರು ಬಂದು ನೋಡಿ, ಸುಮ್ಮನ ಹೊಳ್ಳಿ ಬರಬೇಕು.”

ಒಬ್ಬರು ಇಬ್ಬರು ಎಂಬುದನ್ನು ಪ್ರತಿಯೊಬ್ಬರೂ ತಾವು ಮತ್ತು ತಮ್ಮ ಪಕ್ಕದವರು ಎಂದು ತಿಳಿದುಕೊಂಡರು. ಅಂಗಳವೆಲ್ಲ ಅವಳ ಹಿಂದೆ ಹೊರಟಿತು. 

ಬಯಲಿನ ಆರನೆಯ ತಗ್ಗು ಬೇವಿನ ಮರದ ಪಕ್ಕಕ್ಕಿತ್ತು. ನಮ್ಮ ಎರೆ ಭೂಮಿಯಲ್ಲಿ ನಯವಾದ ಹುಲ್ಲು ನಿಲ್ಲುವುದಿಲ್ಲ. ಅದಕ್ಕೆ ತಗ್ಗಿನ ಸುತ್ತ, ಒಂದು ಕಣದಷ್ಟು ಅಗಲಕ್ಕೆ, ಎಣ್ಣೆ ಕಲೆಸಿದ ಉಸುಕು ಹರವಿ, ಗೋಣಿತಟ್ಟು ಎಳೆದು ಕನ್ನಡಿಯಂತೆ ಸಪಾಟು ಮಾಡುತ್ತಿದ್ದರು. ಚೆಂಡು ಉರುಳಲಿ ಎಂದು. ನಡುವೆ ಹುಗಿದ ಒಂದು ತಗಡಿನ ಡಬ್ಬಿ, ಡಬ್ಬಿಯಲ್ಲಿ ನೆಟ್ಟ ಕೋಲು, ಕೋಲಿನ ತುದಿಗೆ ‘೬’ ಎಂದು ಬರೆದ ಕೆಂಪು ಬಾವುಟ. ಸಾಹೇಬ ಬಾವುಟದ ಮೇಲೆ ಅಂಕಿಗಳನ್ನು ಕನ್ನಡದಲ್ಲೇ ಬರೆಸಿದ್ದ. ಬಾವುಟ ಹಿಡಿಯುವ ಕೂಲಿಗಳಿಗೆ ತಿಳಿಯಲಿ ಎಂದು.

ಅಡಿವೆವ್ವ ಅವರನ್ನು ಉಸುಕಿನ ಅಂಚಿನಲ್ಲಿ ನಿಲ್ಲಿಸಿ, ನಡುವಿಗೆ ಹೋಗಿ ಬಾವುಟ ಎತ್ತಿ ತಗ್ಗನ್ನು ತೋರಿಸಿದಳು. “ಇದ ನೋಡ್ರಿ ಹೋಲ. ಇದನ್ನ ನಾ ಗೆದ್ದದ್ದು. ಇಷ್ಟ.”

ಕುಬೇರಪ್ಪ ತಗ್ಗನ್ನು ನೋಡಲೇ ಇಲ್ಲ. ಅವನ ಕಣ್ಣು ಬಾವುಟದ ಮೇಲಿತ್ತು. ಆಮೇಲೆ ದೂರದ ಐದನೆಯ ಬಾವುಟದ ಕಡೆ ಹೋಯಿತು, ಅಲ್ಲಿಂದ ನಾಲ್ಕನೆಯದಕ್ಕೆ.

“ಗಡಿ ನೆಟ್ಟಾರ,” ಎಂದ ಮೆಲ್ಲಗೆ. “ನಂಬರ ಸೈತ ಹಾಕ್ಯಾರ. ಸರ್ವೆ ನಂಬರ ಆರು. ಯವ್ವಾ, ಮೋಜಣಿನೂ ಮುಗದೈತಿ, ಇನ್ನೂ ತಗ್ಗು ಅಂತಿಯಲ್ಲ!”

“ಅಣ್ಣಾರ, ಅದು ಸರ್ವೆ ನಂಬರ ಅಲ್ರಿ—”

ಅವಳ ಮಾತು ಮುಗಿಯಲಿಲ್ಲ. ಗುಡ್ಡಪ್ಪ, ಬೀಗನಾಗುವವನ ಹಕ್ಕಿನಿಂದ ಮಣ್ಣಿನ ಗುಣ ನೋಡಲು ಬಗ್ಗಿ, ಒಂದು ಹಿಡಿ ಉಸುಕು ತೆಗೆದು ಹಿಸುಕಿದ್ದ. ಅಂಗೈ ಮಿಂಚಿತು. ಮೂಗಿಗೆ ಹಿಡಿದ. ಕಣ್ಣು ಅಗಲವಾಯಿತು.

“ಎಣ್ಣಿ!” ಎಂದು ಚೀರಿದ. “ಭೂಮ್ಯಾಗಿಂದ ಎಣ್ಣಿ ಜಿನಗಾಕತ್ತೈತಿ!”

ಆಮೇಲೆ ಯಾರನ್ನು ತಡೆಯುವುದು? ಇಡೀ ಊರು ಉಸುಕಿನ ಮೇಲಿತ್ತು. ಒಬ್ಬ ಮೂಸಿದ, ಒಬ್ಬ ನೆಕ್ಕಿದ, ಒಬ್ಬ ಮೀಸೆಗೆ ಹಚ್ಚಿಕೊಂಡ. ಸರೋಜವ್ವ ಸೆರಗಿನ ತುದಿಗೆ ಒಂದು ಹಿಡಿ ಕಟ್ಟಿಕೊಂಡಳು. ಕನ್ನಡಿಯಂತಿದ್ದ ಉಸುಕು ಎತ್ತಿನ ಹಂತಿ ತುಳಿದ ಕಣದಂತಾಯಿತು. ಅಡಿವೆವ್ವ “ಕೆಳಗ ಇಳೀರಿ, ನಿಮ್ಮ ಕಾಲಿಗೆ ಬೀಳ್ತೇನಿ, ಇಳೀರಿ” ಎಂದು ಒಬ್ಬರನ್ನು ಎಳೆದರೆ ಇನ್ನಿಬ್ಬರು ಏರುತ್ತಿದ್ದರು.

“ಸಾಹೇಬ ಊರು ಬಿಡೂದ್ರಾಗ ಇದು ಪಕ್ಕಾ ಆಗಬೇಕು,” ಎಂದು ಕುಬೇರಪ್ಪ ರುಮಾಲು ಸರಿಮಾಡಿಕೊಂಡ. “ನಾಳೆ ಹಡಗ ಹತ್ತಿದ ಮ್ಯಾಲ ಯಾವ ಹೊಲ ಅಂದ್ರ ಏನ ಮಾಡೂದು? ಒಂದು ಹೂವಿನ ಮಾಲಿ ತರ್ರಿ. ನಡ್ರಿ ಬಂಗಲೆಕ್ಕ.”

ಅಡಿವೆವ್ವ ಅಡ್ಡ ಬಂದು ನಿಂತಳು. “ಬ್ಯಾಡ್ರಿ ಅಣ್ಣಾರ! ಇವತ್ತೊಂದು ದಿನ ಬಿಡ್ರಿ! ಇವತ್ತು ನನ್ನ ನೌಕರಿ ತೀರ್ಮಾನ ಐತಿ!”

“ನೌಕರಿ?” ಗುಡ್ಡಪ್ಪ ನಿಂತ. “ನಮ್ಮ ಮನೀ ಸೊಸಿ ನೌಕರಿ ಮಾಡೂದಿಲ್ಲ.”

“ನಿನಗ ಕೇಳಾಕ ನಾಚಿಕಿ ಬರೂದು ಸಹಜೈತಿ,” ಎಂದ ಕುಬೇರಪ್ಪ, ಅವಳನ್ನು ಸಮಾಧಾನ ಮಾಡುವ ದನಿಯಲ್ಲಿ. “ನಾವದೇವಲ್ಲ. ನೀ ಏನೂ ಕಾಳಜಿ ಮಾಡಬ್ಯಾಡ.”

ಮೊದಲು ಮಾಲೆ ಕಟ್ಟಿಸಲು ಊರ ಕಡೆ, ಅಲ್ಲಿಂದ ಬಂಗಲೆಗೆ ಎಂದು ಹೊರಟೇಬಿಟ್ಟರು. ಅಡಿವೆವ್ವ ನಾಲ್ಕು ಹೆಜ್ಜೆ ಅವರ ಹಿಂದೆ ಓಡಿ, ನಿಂತು, ತಿರುಗಿ ನೋಡಿದಳು. ಚಹಾ ಮುಗಿದ ಮೇಲೆ ಸಾಹೇಬರು ಕೊನೆಯದಾಗಿ ಒಂದು ಸುತ್ತು ಆಡುವುದಿತ್ತು. ಈ ಉಸುಕನ್ನು ಕಂಡರೆ ತಕರಾರಿನ ಸಾಹೇಬ ಬೇರೆ ಏನೂ ಕೇಳಬೇಕಿಲ್ಲ. ಜನರ ಹಿಂದೆ ಓಡಲೋ, ಉಸುಕು ಹರವಲೋ? ಮಾತನ್ನು ಆಮೇಲೆ ತಿದ್ದಬಹುದು, ಉಸುಕನ್ನು ಈಗಲೇ ತಿದ್ದಬೇಕು ಎಂದು ಅವಳು ಲೆಕ್ಕ ಹಾಕಿದಳು. ಕೆಲಸವನ್ನು ಪ್ರೀತಿಸುವವರು ಹಾಕುವ ತಪ್ಪು ಲೆಕ್ಕ ಅದು. ಸೆರಗು ಸಿಕ್ಕಿಸಿ ಗೋಣಿತಟ್ಟು ಎಳೆಯತೊಡಗಿದಳು. ಹೆಜ್ಜೆಗುರುತು ಅಳಿಸಿ, ಗುಡ್ಡೆ ಒಡೆದು, ಮಂಡಿಯೂರಿ ಅಂಗೈಯಿಂದ ಸವರಿ, ಎಲ್ಲ ಸಪಾಟಾದಾಗ ಹೊತ್ತು ಇಳಿದಿತ್ತು, ಮೊಳಕೈವರೆಗೆ ಎಣ್ಣೆ, ಮುಖದ ತುಂಬ ಎಣ್ಣೆ. ಆಗ ಬಂಗಲೆಯ ಕಡೆಯಿಂದ ದೊಡ್ಡ ಸದ್ದು ಕೇಳಿಸಿತು.

ಓಡಿದಳು. ಓಡುತ್ತ ಇಂಗ್ಲಿಷಿನಲ್ಲಿ ಕ್ಷಮೆ ಕೇಳುವ ವಾಕ್ಯಗಳನ್ನು ಜೋಡಿಸಿಕೊಂಡಳು. ಶಾಲೆಗೆ ಹೋಗದಿದ್ದರೂ ಇಷ್ಟು ವರ್ಷ ಕಿವಿಯಿಂದ ಕಲಿತ ಅವಳ ಇಂಗ್ಲಿಷು ಕೈಕೊಡುತ್ತಿರಲಿಲ್ಲ.

ಬಂಗಲೆಯ ಅಂಗಳದಲ್ಲಿ ಅವಳು ಕಂಡದ್ದು ಬೇರೆಯೇ. ಹರಕ ಸಾಹೇಬನ ಕೊರಳಲ್ಲಿ ಚೆಂಡುಹೂವಿನ ಮಾಲೆ. ಅವನ ಮೂಗು, ಸಂತೋಷವಾದಾಗ ಆಗುವಂತೆ, ಕೆಂಪಾಗಿತ್ತು. ಸಾಹೇಬರು, ಬಾಯಿಯರು ಎಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ತಕರಾರಿನ ಸಾಹೇಬ ಕೂಡ. ಒಂದು ಕಡೆ ಊರಿನ ಜನ, ತಾವೂ ತಟ್ಟಬೇಕೋ ಏನೋ ಎಂದು ತಟ್ಟುತ್ತಿದ್ದರು.

ಸಾಹೇಬನ ಬಟ್ಲರ ಮಲ್ಲಿಕಸಾಬ ಬಾಗಿಲಲ್ಲೇ ಅವಳನ್ನು ಹಿಡಿದ. ಅವನ ಇಂಗ್ಲಿಷು ಅಡಿಗೆಮನೆಯಿಂದ ಊಟದ ಮೇಜಿನವರೆಗೆ ಹೋಗುವಷ್ಟಿತ್ತು. “ಎಲ್ಲಿದ್ದಿ ಬೇಟಾ? ನಿನ್ನ ಕೆಲಸಾ ನಾನ ಮಾಡಿಕೊಟ್ಟೇನಿ. ಜನಾ ನೋಡಿ ಸಾಹೇಬ, ನನ್ನ ಕಳಸಾಕ ಇಷ್ಟ ಮಂದಿ ಬಂದಾರಲ್ಲ ಅಂತ ಅತ್ತಬಿಟ್ಟ. ಏನ ಬೇಕಂತ ಅಂತ ಕೇಳಿದ. ಕುಬೇರಪ್ಪಾರು ಹೇಳಿದ್ರು, ನಾ ಹೇಳಿದೆ: ‘ಅಡಿವೆವ್ವಾ ನೋ ಜಾಬ್ ಸಾರ್. ಓನ್ಲಿ ಹೊಲ. ಥ್ರೀ ಹೊಲ.’ ಬರೋಬರಿ ಅಲ್ಲ?”

ಅಡಿವೆವ್ವ ಅವನ ಕೈ ಬಿಡಿಸಿಕೊಂಡು ಅಂಗಳಕ್ಕೆ ಕಾಲಿಟ್ಟಳು.

ಸಾಹೇಬ ಅವಳನ್ನು ಕಂಡು ಕೈ ಬೀಸಿ ಮುಂದೆ ಕರೆದ. ಅವನು ಇಂಗ್ಲಿಷಿನಲ್ಲಿ ಆಡಿದ ಮಾತು ಅಲ್ಲಿದ್ದ ಊರವರಲ್ಲಿ ಅವಳೊಬ್ಬಳಿಗೇ ತಿಳಿಯಿತು. ಅವನು ಹೇಳಿದ್ದು ಇಷ್ಟು:

“ಸ್ನೇಹಿತರೇ, ಇವಳನ್ನು ಕಾಯಂ ಮಾಸ್ತರಾಗಿ ಇಟ್ಟುಕೊಳ್ಳಬೇಕೆಂದು ಕಮಿಟಿ ಇವತ್ತು ಮುಂಜಾನೆಯೇ ಒಮ್ಮತದಿಂದ ತೀರ್ಮಾನಿಸಿತ್ತು. ಅದನ್ನು ಹೇಳಲೆಂದೇ ನಾನು ಎದ್ದು ನಿಂತೆ. ಆದರೆ ಇವಳ ಊರವರು ಮೆರವಣಿಗೆಯಲ್ಲಿ ಬಂದು ಹೇಳಿದರು, ಇವಳಿಗೆ ನೌಕರಿ ಬೇಡವಂತೆ. ಬೇಕಾದದ್ದು ತಾನು ಗೆದ್ದ ಹೋಲ್‌ಗಳು ಮಾತ್ರವಂತೆ! ಮೂವತ್ತು ವರ್ಷ ನಾನು ಈ ಆಟ ಆಡಿದ್ದೇನೆ. ಸಂಬಳ ಬೇಡ, ಗೆದ್ದ ಹೋಲಿನ ಗೌರವ ಸಾಕು ಎಂದವರನ್ನು ನನ್ನ ದೇಶದಲ್ಲೂ ನೋಡಿಲ್ಲ. ಮೂರನ್ನೂ ಕೊಟ್ಟರೆ ಬಯಲಿಗೆ ಅರ್ಧವೇ ಉಳಿಯುತ್ತದೆ. ಒಂದನ್ನು ಕೊಡುತ್ತೇನೆ. ಇಂದಿನಿಂದ ಆರನೆಯದರ ಹೆಸರು—” ಅವನು ಮೇಜಿನ ಪಕ್ಕದಲ್ಲಿದ್ದ ಒಂದು ಹೊಸ ಬಾವುಟ ಎತ್ತಿ, ಗಟ್ಟಿಯಾಗಿ ಕೂಗಿದ, “ಅಡಿವೆವ್ವಾಸ್ ಹೋಲ್!”

ಜನರ ನಡುವಿನಿಂದ ಕುಬೇರಪ್ಪ ಎರಡೂ ಕೈ ಎತ್ತಿದ. “ಕೇಳಿದ್ರೇನು? ಅಡಿವೆವ್ವನ ಹೊಲ! ಸಾಹೇಬ ಕನ್ನಡದಾಗ ಅಂದ! ನಾಕ ಮಂದ್ಯಾಗ ಅಂದ!”

ಊರು ಕೇಕೆ ಹಾಕಿತು. ಊರು ತಮ್ಮ ಮಾತನ್ನು ಮೆಚ್ಚಿತೆಂದು ಸಾಹೇಬರು ಮತ್ತೆ ಚಪ್ಪಾಳೆ ತಟ್ಟಿದರು.

ಅಡಿವೆವ್ವ ಬಾಯಿ ತೆರೆದಳು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಸಾಕಿತ್ತು, ಕನ್ನಡದಲ್ಲಿ ಇನ್ನೊಂದು. ಎರಡೂ ಅವಳ ನಾಲಿಗೆಯ ತುದಿಯಲ್ಲಿದ್ದವು. ಅವಳು ಒಮ್ಮೆ ಈ ಕಡೆಯವರನ್ನು ನೋಡಿದಳು, ಒಮ್ಮೆ ಆ ಕಡೆಯವರನ್ನು. ಎಂದೂ ಅವಳು ಬಂದಾಗ ಎದ್ದು ನಿಂತವರಲ್ಲ ಅವರು, ಇವರೂ ಅಲ್ಲ. ಇವತ್ತು ಎರಡೂ ಕಡೆಯವರು ಅವಳಿಗಾಗಿ ನಿಂತಿದ್ದರು. ಚೌಡವ್ವ ಹಿಂದಿನಿಂದ, ಕುಬೇರಪ್ಪನ ಹೆಗಲ ಮೇಲಿಂದ, ಕತ್ತು ಉದ್ದ ಮಾಡಿ ಮಗಳನ್ನು ನೋಡುತ್ತಿದ್ದಳು.

“ಥ್ಯಾಂಕ್ ಯೂ ಸರ್,” ಎಂದಳು ಅಡಿವೆವ್ವ. ಎಣ್ಣೆಯ ಕೈಯಿಂದ ಬಾವುಟ ತೆಗೆದುಕೊಂಡಳು.

ಮುಂದಿನದು ಸಣ್ಣದು. ವಾರ ಕಳೆಯುವುದರೊಳಗೆ ಊರಿಗೆ ನಿಜ ತಿಳಿಯಿತು. ಗುಡ್ಡಪ್ಪ ಬಂದು ಆರನೆಯ ಹೋಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗೇಣು ಹಾಕಿ ಅಳೆದು, ಒಂದು ಗೇಣೂ ತುಂಬದ್ದನ್ನು ಕಂಡು, ಮಾಸೂರಿಗೆ ಹೋದ. “ಚಾಷ್ಟಿ ಮಾಡಿದ್ದ ಪಾಪ,” ಎಂದಳು ಚೌಡವ್ವ. ಕುಬೇರಪ್ಪ ಮಾತ್ರ ಕೊನೆಯವರೆಗೂ ನಂಬಲಿಲ್ಲ. ಸಾಹೇಬ ಹೊಲ ಕೊಟ್ಟದ್ದು ಹೌದು, ಹುಡುಗಿ ಬಚ್ಚಿಟ್ಟಿದ್ದಾಳೆ ಎಂದೇ ಹೇಳುತ್ತಿದ್ದ.

ಪುಣೆಯಿಂದ ಮಾಸ್ತರ ಬಂದ. ಒಳ್ಳೆಯ ಮನುಷ್ಯ, ಕರಿ ಟೊಪ್ಪಿಗೆಯವನು. ಎಣ್ಣೆ ಉಸುಕಿನ ಮೇಲೆ ಚೆಂಡು ಅವನ ಮಾತು ಕೇಳಲಿಲ್ಲ. ಬಾಯಿಯರಿಗೆ ಸೊಂಟ ತಿರುಗಿಸಿರಿ ಎನ್ನಲು ಅವನಿಗೂ ನಾಚಿಕೆ. ದಿನಾಲು ಬಂದು “ಅಕ್ಕಾ, ಜರಾ ಬರ್ತೀರೇನು” ಎನ್ನುತ್ತಿದ್ದ, ಅಡಿವೆವ್ವ ಹೋಗುತ್ತಿದ್ದಳು. ಉಸುಕು ಅವಳೇ ಹರವಿದಳು, ಪಾಠ ಅವಳೇ ಹೇಳಿದಳು. ಸಂಬಳ ಅವನಿಗೆ, ಹೋಲ್ ಅವಳಿಗೆ.

ಯುದ್ಧ ಮುಗಿದು, ಗಿರಣಿ ಕೈ ಬದಲಾಗಿ, ಬಯಲಿಗೆ ನೇಗಿಲು ಬಿತ್ತು. ಆಮೇಲೆ ತಾಯಿ ಮಗಳು ಎಲ್ಲಿಗೆ ಹೋದರೆಂದು ನನಗೆ ಖಚಿತವಾಗಿ ಗೊತ್ತಿಲ್ಲ. ಹಾನಗಲ್ಲಿನಲ್ಲಿ ನೋಡಿದೆ ಎಂದವರಿದ್ದಾರೆ. ಪುಣೆಯಲ್ಲಿ ಬಾಯಿಯರಿಗೆ ಕಲಿಸುತ್ತಿದ್ದಳು ಎಂದವರೂ ಇದ್ದಾರೆ. ಹಿರೇಕೆರೂರಿನ ಒಬ್ಬರು ಅಂಥ ಹೆಂಗಸೇ ಇರಲಿಲ್ಲ ಎಂದು ವಾದಿಸಿದರು. ನನಗೆ ಅವರೊಂದಿಗೆ ವಾದಿಸಲು ಬರಲಿಲ್ಲ.

ಆ ಸಂಜೆ ಬಂಗಲೆಯ ಅಂಗಳದಲ್ಲಿ ಎರಡೂ ಮಾತು ಬಲ್ಲವಳು ಅವಳೊಬ್ಬಳೇ ಇದ್ದಳು. ತೆರೆದ ಬಾಯಿಯನ್ನು ಯಾಕೆ ಮುಚ್ಚಿಕೊಂಡಳು ಎಂದು ಕೇಳಬೇಕಾದವರು ಆಗ ಕೇಳಲಿಲ್ಲ. ನಾನು ಬಹಳ ಯೋಚಿಸಿದೆ. ನನಗೆ ಗೊತ್ತಾಗಲಿಲ್ಲ.